ರೇಣುಕನ ಹೆಸರಿನಲ್ಲಿದ್ದ ಫೈಲು

ಎರಡು ವರ್ಷದ ಹಿಂದಿನ ಮಾತು. ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಬೋಧಕಿಯಾಗಿ ನಿವೃತ್ತಳಾದ ಮೇಲೆ ನಾನು ಮನೆಯಲ್ಲಿ ಕೈಕಟ್ಟಿ ಕೂರಲಿಲ್ಲ. ತುಮಕೂರಿನ ನಾಲ್ಕಾರು ಸಣ್ಣ ಕಂಪನಿಗಳ ಸರ್ವರ್ ನೋಡಿಕೊಳ್ಳುವ ಕೆಲಸ ಹಿಡಿದಿದ್ದೆ. ಸರ್ವರ್ ಎಂದರೆ ಹಗಲು ರಾತ್ರಿ ಓಡುತ್ತಾ ಉಳಿದ ಕಂಪ್ಯೂಟರ್‌ಗಳಿಗೆ ಊಳಿಗ ಮಾಡುವ ಯಂತ್ರ. ಅದು ಸರಿಯಾಗಿ ಓಡುವಾಗ ಯಾರಿಗೂ ನನ್ನ ನೆನಪಾಗುವುದಿಲ್ಲ. ಕೆಟ್ಟಾಗ ಮಾತ್ರ ಗಿರಿಜಾ ಮೇಡಂ ಎಲ್ಲಿದ್ದೀರಿ ಎಂದು ಫೋನು ಬರುತ್ತದೆ.

ಆ ಮೇ ತಿಂಗಳಲ್ಲಿ ಹಾಗೆ ಫೋನು ಮಾಡಿದವರು ಮಹದೇವಯ್ಯನವರು. ಅವರದು ಶೀತಲಗೃಹದ ವ್ಯವಹಾರ. ಅಂತರಸನಹಳ್ಳಿ, ಗುಬ್ಬಿ, ಕುಣಿಗಲ್ ಮೂರು ಕಡೆ ಅವರ ಕೋಲ್ಡ್ ಸ್ಟೋರೇಜ್‌ಗಳಿದ್ದವು. ಅದರಲ್ಲಿ ತುಂಬಿರುತ್ತಿದ್ದುದು ಹೆಚ್ಚಾಗಿ ಹುಣಸೆಹಣ್ಣು. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ: ಹೊಸ ಹುಣಸೆ ಕೆಂಪಗೆ ಇರುವಾಗಲೇ ತಣ್ಣಗಿನ ಕೋಣೆ ಸೇರಬೇಕು. ಬೇಸಿಗೆಯ ಸೆಕೆಗೆ ಬಿಟ್ಟರೆ ಬೆವರಿ, ಕರ್ರಗಾಗಿ, ಯಾರೂ ಕೇಳುವವರಿಲ್ಲದ ಮಾಲಾಗುತ್ತದೆ. ಮೂರೂ ಊರಿನ ಕೋಣೆಗಳ ಉಷ್ಣಾಂಶ ಕ್ಷಣಕ್ಷಣಕ್ಕೂ ಅಂತರಸನಹಳ್ಳಿಯ ಸರ್ವರ್‌ಗೆ ಬರುತ್ತಿತ್ತು. ಸೆಕೆ ಏರಿದರೆ ಅಲಾರಂ ಹೊಡೆದುಕೊಳ್ಳುತ್ತಿತ್ತು.

ಆ ವ್ಯವಸ್ಥೆಯನ್ನೆಲ್ಲ ಕಟ್ಟಿದವನು ರೇಣುಕಪ್ರಸಾದ. ನನ್ನ ಲ್ಯಾಬಿನಲ್ಲಿ ಕಲಿತ ಹುಡುಗ. ಹುಡುಗ ಎಂದು ಅಭ್ಯಾಸಕ್ಕೆ ಅನ್ನುತ್ತೇನೆ, ತೀರಿಕೊಂಡಾಗ ನಲವತ್ತು ದಾಟಿತ್ತು. ಲ್ಯಾಬಿನಲ್ಲಿ ಅವನದೊಂದು ಚಾಳಿ ಇತ್ತು. ಪ್ರೋಗ್ರಾಂ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗುವಾಗ ಮಾನಿಟರ್ ಮೇಲೆ ಒಂದು ಚೀಟಿ ಅಂಟಿಸಿ ಹೋಗುತ್ತಿದ್ದ: ‘ಮುಟ್ಟಬೇಡಿ. ಇಂತಿ ರೇಣುಕ.’ ಉಳಿದ ಹುಡುಗರು ಬೇಕೆಂದೇ ಹೋಗಿ ಮುಟ್ಟುತ್ತಿದ್ದರು. ಅವನು ಬಂದು ಕೂಗಾಡುತ್ತಿದ್ದ. ನಾನು ಇಬ್ಬರಿಗೂ ಬೈಯುತ್ತಿದ್ದೆ.

ಅವನು ಹೋದದ್ದು ಅದರ ಹಿಂದಿನ ವರ್ಷದ ಆಷಾಢದಲ್ಲಿ. ಬೆಳಿಗ್ಗೆ ತಿಂಡಿ ತಿಂದು ಬೈಕ್ ತೆಗೆಯಲು ಹೋದವನು ಅಂಗಳದಲ್ಲೇ ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ. ಮಹದೇವಯ್ಯನವರು ಹದಿನೈದು ದಿನದೊಳಗೆ ಅವನ ಹೆಂಡತಿ ಶೈಲಜಾಳನ್ನು ಕರೆಸಿ ಗುಬ್ಬಿಯ ಕಚೇರಿಯಲ್ಲಿ ಕೆಲಸ ಕೊಟ್ಟರು. ಮಾಲು ಒಳಗೆ ಬಂದಾಗ, ಹೊರಗೆ ಹೋದಾಗ ಕಂಪ್ಯೂಟರಿಗೆ ಹಾಕುವ ಕೆಲಸ. ಇನ್ನೊಂದು ಮಾತನ್ನೂ ಹೇಳಿದರು. ಮನೆಯಲ್ಲಿ ಯಾರಾದರೂ ಹೋದರೆ ವರ್ಷ ತುಂಬುವವರೆಗೂ ಅವರ ಜಾಗ ಮುಟ್ಟಬಾರದು ಎಂಬುದು ಅವರ ಮನೆಯ ರೀತಿ. ಆ ರೀತಿ ಆಫೀಸಿಗೂ ಬಂತು. ರೇಣುಕನ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅವನ ಕಾಫಿ ಲೋಟ ಕಿಟಕಿಯ ಮೇಲೆ ಹಾಗೇ ಕೂತಿತು. ಸರ್ವರಿನಲ್ಲಿದ್ದ ಅವನ ಖಾತೆಯನ್ನೂ, ಅಂದರೆ ಅವನು ಒಳಗೆ ಹೋಗುತ್ತಿದ್ದ ಹೆಸರು ಮತ್ತು ಪಾಸ್‌ವರ್ಡನ್ನೂ, ಹಾಗೇ ಬಿಟ್ಟರು. ಕುರ್ಚಿ ಮತ್ತು ಲೋಟದಿಂದ ಯಾರಿಗೂ ತೊಂದರೆಯಾಗಲಿಲ್ಲ.

ಫೋನು ಬಂದ ದಿನ ನಾನು ಅಂತರಸನಹಳ್ಳಿಗೆ ಹೋದೆ. ಸರ್ವರ್ ಇಟ್ಟಿದ್ದ ಕೋಣೆಯ ಬಾಗಿಲು ತೆಗೆದರೆ ಎದುರಿಗೇ ಯಂತ್ರದ ಕಪಾಟಿನ ಮೇಲೆ ಮೂರು ಬೆರಳಿನ ವಿಭೂತಿ, ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣು.

“ಇದ್ಯಾವ ಆಂಟಿವೈರಸ್ಸೋ?” ಎಂದೆ.

ಕಿರಣ ನಗಲಿಲ್ಲ. ರೇಣುಕನ ನಂತರ ಆ ಕೆಲಸಕ್ಕೆ ಬಂದವನು ಅವನು, ಎರಡು ಮಕ್ಕಳ ತಂದೆ, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಇದೇ ಕೆಲಸ ಮಾಡಿ ಪಳಗಿದವನು. ಸುಮ್ಮಸುಮ್ಮನೆ ಹೆದರುವ ಆಸಾಮಿಯಲ್ಲ.

“ಮೇಡಂ, ನಗ್ಬೇಡಿ. ನಾನು ಒಂದು ಫೈಲ್ ತಿದ್ತೀನಿ. ಊಟ ಮಾಡ್ಕೊಂಡು ಬರೋಷ್ಟ್ರಲ್ಲಿ ಅದು ಹಳೇ ತರ ಆಗಿ ಕೂತಿರ್ತದೆ. ಯಾರು ಬದ್ಲಾಯಿಸಿದ್ದು ಅಂತ ಲಾಗ್ ನೋಡಿದ್ರೆ ರೇಣುಕಣ್ಣನ ಹೆಸ್ರು ಬರ್ತದೆ.”

ಇಲ್ಲಿ ಸ್ವಲ್ಪ ವಿವರಿಸಬೇಕು. ಆ ಸರ್ವರ್ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೇಲೆ ಓಡುವ ಯಂತ್ರ. ಅದರ ಮೇಲೆ ಹತ್ತಾರು ಪ್ರೋಗ್ರಾಂಗಳು ಒಂದೊಂದು ಡಬ್ಬಿಯೊಳಗೆ ಕೂತು ಓಡುತ್ತಿದ್ದವು. ಅಂಥ ಡಬ್ಬಿಗೆ ಕಂಟೇನರ್ ಎನ್ನುತ್ತಾರೆ. ಡಬ್ಬಿಗಳನ್ನೆಲ್ಲ ಸಂಭಾಳಿಸುವ ಯಜಮಾನ ಪ್ರೋಗ್ರಾಮಿನ ಹೆಸರು ಡಾಕರ್. ಯಂತ್ರ ಎದ್ದಾಗ ಡಾಕರ್ ಹೇಗೆ ಶುರುವಾಗಬೇಕು, ಯಾವ ನೆಟ್‌ವರ್ಕ್ ವಿಳಾಸ ಬಳಸಬೇಕು ಎಂಬುದೆಲ್ಲ ಒಂದು ಸಣ್ಣ ಫೈಲಿನಲ್ಲಿ ಬರೆದಿರುತ್ತದೆ. ಅದೇ ಸರ್ವಿಸ್ ಫೈಲ್. ಇಪ್ಪತ್ತು ಮೂವತ್ತು ಸಾಲಿರಬಹುದು, ಆದರೆ ಮನೆಯ ಅಡಿಗಲ್ಲು ಅದು.

ಕುಣಿಗಲ್‌ನಲ್ಲಿ ಹೊಸ ರೌಟರ್ ಹಾಕಿದಾಗ ಅಲ್ಲಿನ ಯಂತ್ರಗಳಿಗೆ ಸಿಕ್ಕ ವಿಳಾಸಗಳೂ ಡಾಕರ್ ತನ್ನ ಡಬ್ಬಿಗಳಿಗೆ ಹಂಚಿದ್ದ ವಿಳಾಸಗಳೂ ಒಂದೇ ಆಗಿಬಿಟ್ಟವು. ಒಂದೇ ಊರಿನ ಎರಡು ಬೀದಿಗೆ ಒಂದೇ ಹೆಸರಿಟ್ಟ ಹಾಗೆ. ಕುಣಿಗಲ್‌ಗೆ ಹೋಗಬೇಕಾದ ಮಾತು ಸರ್ವರಿನ ಹೊಟ್ಟೆಯೊಳಗೇ ಸುತ್ತಿ ಸತ್ತುಹೋಗುತ್ತಿತ್ತು. ಕಿರಣ ಇದನ್ನು ಸರಿಯಾಗಿಯೇ ಕಂಡುಹಿಡಿದು ಸರ್ವಿಸ್ ಫೈಲಿನಲ್ಲಿ ಡಾಕರಿನ ವಿಳಾಸ ಬದಲಿಸಿದ್ದ. ಕುಣಿಗಲ್ ಮತ್ತೆ ಮಾತಾಡಿತು. ಅವನು ತಂಗಿಯ ಮದುವೆಗೆಂದು ರಜೆ ಹಾಕಿ ಹೋದ.

ಪ್ರತಿ ಸೋಮವಾರ ಬೆಳಿಗ್ಗೆ ಬ್ಯಾಕಪ್ ಆದ ಮೇಲೆ ಆ ಸರ್ವರ್ ತಾನಾಗಿಯೇ ಒಮ್ಮೆ ಆರಿ ಮತ್ತೆ ಏಳುತ್ತಿತ್ತು. ಎದ್ದು ಸರ್ವಿಸ್ ಫೈಲ್ ಓದಿತು. ಅದರಲ್ಲಿ ಹಳೆಯ ವಿಳಾಸವೇ ಇತ್ತು. ಕುಣಿಗಲ್ ಮಾತು ನಿಂತಿತು. ಅದೇ ವಾರ ಅಲ್ಲಿ ಕೋಣೆ ತಣ್ಣಗಿಡುವ ಕಂಪ್ರೆಸರ್ ಕೈಕೊಟ್ಟಿತು. ಅಲಾರಂ ಇದೆಯಲ್ಲ ಎಂಬ ಧೈರ್ಯದಲ್ಲಿ ಅಲ್ಲಿನವರು ಕೋಣೆಯೊಳಗೆ ಹೋಗಿ ನೋಡುವುದನ್ನೇ ಬಿಟ್ಟಿದ್ದರು. ವಾರ ಕಳೆದು ಬಾಗಿಲು ತೆಗೆದಾಗ ಮಾಲು ಕರ್ರಗಾಗಿ ಹುಳಿ ವಾಸನೆ ಮುಖಕ್ಕೆ ಹೊಡೆಯಿತಂತೆ.

ರಜೆ ಮುಗಿಸಿ ಬಂದ ಕಿರಣ ಫೈಲು ತೆರೆದು ನೋಡಿದ. ಅವನು ಬರೆದದ್ದು ಯಾವುದೂ ಇರಲಿಲ್ಲ. ಮೊದಲ ಸಾಲಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ‘ಮುಟ್ಟಬೇಡಿ. ಇಂತಿ ರೇಣುಕ.’

ಕಿರಣ ಆ ಸಾಲನ್ನು ನನಗೆ ತೋರಿಸಿದಾಗ ನನ್ನ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ. ಆ ಚೀಟಿಯನ್ನು ಎಷ್ಟೋ ಸಲ ಮಾನಿಟರಿನಿಂದ ನಾನೇ ಕಿತ್ತು ಎಸೆದಿದ್ದೆ.

“ಅಳಿಸಿದ್ರೆ ಮತ್ತೆ ಬರ್ತದೆ ಮೇಡಂ, ಈ ಸಾಲ್ ಸಮೇತ. ಸಾಹೇಬ್ರಿಗೆ ಹೇಳ್ದೆ. ವರ್ಷ ತುಂಬ್ದೆ ಇದ್ರೂ ಪರ್ವಾಗಿಲ್ಲ, ಅವ್ನ ಖಾತೆ ತೆಗ್ದುಬುಡು ಅಂದ್ರು. ತೆಗ್ಯೋಕ್ ಮುಂಚೆ ರೇಣುಕಣ್ಣನ ಹೆಸ್ರಲ್ಲಿ ಏನಾದ್ರೂ ಓಡ್ತಾ ಇದ್ಯಾ ಅಂತ ನೋಡ್ದೆ. ಓಡ್ತಾ ಇತ್ತು! ಕಿಲ್ ಮಾಡ್ದೆ. ಮತ್ತೆ ಎದ್ದು ಬಂತು. ಇನ್ನೊಂದ್ಸಲ ಮಾಡ್ದೆ, ಮತ್ತೆ ಬಂತು. ಮೂರ್ನೇ ಸಲ ಕೈ ಬರ್ಲಿಲ್ಲ ಮೇಡಂ.”

ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುವ ಆಜ್ಞೆಗೆ ಲಿನಕ್ಸಿನಲ್ಲಿ ಕಿಲ್ ಎಂದೇ ಹೆಸರು. ದಿನಕ್ಕೆ ಹತ್ತು ಸಲ ಅದನ್ನು ಟೈಪ್ ಮಾಡುವ ನಾವು ಅದರ ಅರ್ಥ ಯೋಚಿಸುವುದಿಲ್ಲ. ಆವತ್ತು ಕಿರಣ ಯೋಚಿಸಿದ್ದ.

ದೆವ್ವದ ಮಾತನ್ನು ಮಹದೇವಯ್ಯನವರು ನಂಬಲಿಲ್ಲ. ಅವರಿಗೆ ಹೊಳೆದದ್ದು ಬೇರೆ. ಗಂಡನ ಪಾಸ್‌ವರ್ಡ್ ಹೆಂಡತಿಗೆ ಗೊತ್ತಿರುತ್ತದೆ. ಹಿಂದಿನ ದಿನ ಕಿರಣ ಬಂದು ಹೇಳಿದ ಕೂಡಲೇ ಗುಬ್ಬಿಗೆ ಫೋನು ಮಾಡಿಸಿದ್ದರು. ಅಲ್ಲಿದ್ದ ಗುಮಾಸ್ತ ಇಣುಕಿ ನೋಡಿ ಹೇಳಿದ್ದ: ಶೈಲಜಾ ಕಂಪ್ಯೂಟರ್ ಮುಂದೆಯೇ ಕೂತಿದ್ದಾಳೆ, ಪರದೆಯ ಮೇಲೆ ರೇಣುಕನ ಹೆಸರಿದೆ, ನನ್ನನ್ನು ಕಂಡ ತಕ್ಷಣ ಪರದೆಯ ಮೇಲಿದ್ದ ಪುಟ ಮುಚ್ಚಿದಳು.

“ನಾನೇನ್ ರಾಕ್ಷಸನಾ ಮೇಡಂ?” ಎಂದರು ಮಹದೇವಯ್ಯನವರು ನನ್ನೆದುರು. “ನಾನೇ ಕರ್ದು ಕೆಲ್ಸ ಕೊಟ್ಟಿದ್ದು ಆ ಹೆಣ್ಮಗಳಿಗೆ. ಯಾಕಮ್ಮಾ ಹಿಂಗ್ ಮಾಡ್ದೆ ಅಂದ್ರೆ ಬಾಯೇ ಬಿಡಲ್ಲ. ಅಳ್ತಾಳೆ ಅಷ್ಟೆ. ಕುಣಿಗಲ್‌ನಲ್ಲಿ ಮಾಲ್ ಇಟ್ಟಿದ್ ವ್ಯಾಪಾರದೋರು ಬಂದು ಬಾಗ್ಲಲ್ಲಿ ಕೂತವ್ರೆ. ನಾಳೆ ಸ್ಟೇಷನ್‌ಗೆ ಕಂಪ್ಲೇಂಟ್ ಕೊಡ್ತೀನಿ. ಅದಕ್ ಮುಂಚೆ ನೀವೊಂದು ರಿಪೋರ್ಟ್ ಬರ್ದುಕೊಡಿ, ಅವ್ಳೇ ಮಾಡಿದ್ದು ಅಂತ.”

“ನೋಡ್ದೇ ಬರ್ಯೋಕೆ ನಾನೇನು ಜ್ಯೋತಿಷ್ಯ ಹೇಳ್ತೀನಾ?” ಎಂದೆ. “ನಾಳೆ ಮಧ್ಯಾಹ್ನದವರೆಗೂ ಟೈಮ್ ಕೊಡಿ.”

ಕೊಟ್ಟರು. ನನ್ನ ಕೈಯಲ್ಲಿ ಇದ್ದದ್ದು ಅಷ್ಟೇ. ಗಂಡ ಸತ್ತು ವರ್ಷವಾಗದ ಹೆಂಗಸು ಪೊಲೀಸ್ ಸ್ಟೇಷನ್ ಬೆಂಚಿನ ಮೇಲೆ ಕೂರಬೇಕೋ ಬೇಡವೋ ಎಂಬುದು ಆ ಇಪ್ಪತ್ತು ಮೂವತ್ತು ಸಾಲಿನ ಫೈಲಿಗೆ ಬಂದು ನಿಂತಿತ್ತು.

ಮೊದಲು ಯಾರು ಯಾವಾಗ ಒಳಗೆ ಬಂದರು ಎಂಬ ದಾಖಲೆ ತೆಗೆಸಿದೆ. ರೇಣುಕನ ಹೆಸರಿನಲ್ಲಿ ಕೊನೆಯ ಪ್ರವೇಶ ಅವನು ಸಾಯುವ ಹಿಂದಿನ ಸಂಜೆ. ಆಮೇಲೆ ಯಾರೂ ಆ ಹೆಸರಿನಲ್ಲಿ ಬಾಗಿಲು ತಟ್ಟಿಲ್ಲ. ಶೈಲಜಾಳ ಪರವಾಗಿ ಇದು ಒಳ್ಳೆಯ ಸುದ್ದಿ. ಆದರೆ ದಾಖಲೆಯನ್ನು ಅಳಿಸಿರಬಹುದಲ್ಲ ಎಂದು ಕಿರಣನೇ ಕೇಳಿದ. ಸರಿ ಎಂದು ಆ ಖಾತೆಗೆ ಬೀಗ ಹಾಕಿದೆ, ಪಾಸ್‌ವರ್ಡ್ ಗೊತ್ತಿದ್ದವರೂ ಒಳಗೆ ಬರದ ಹಾಗೆ. ಫೈಲನ್ನು ತಿದ್ದಿದೆ. ಇಬ್ಬರೂ ಹೋಗಿ ಕ್ಯಾಂಟೀನಿನಲ್ಲಿ ಟೀ ಕುಡಿದೆವು. ವಾಪಸ್ ಬಂದು ತೆರೆದೆ.

‘ಮುಟ್ಟಬೇಡಿ. ಇಂತಿ ರೇಣುಕ.’

ಹಾಡುಹಗಲು. ಹೊರಗೆ ಲಾರಿಗೆ ಮಾಲು ತುಂಬುವವರು ಕೂಗಾಡುತ್ತಿದ್ದರು. ಬಿಸಿಲು ಕಿಟಕಿಯಲ್ಲಿದ್ದ ಅವನ ಕಾಫಿ ಲೋಟದ ಮೇಲೆ ಬಿದ್ದಿತ್ತು. ಬೀಗ ಹಾಕಿದ ಬಾಗಿಲ ಒಳಗೆ ಯಾರೋ ಕೂತು ಕೆಲಸ ಮಾಡುತ್ತಿದ್ದರು. ನಾನು ದೇವರು ದಿಂಡರು ಎಂದು ಹೆಚ್ಚು ಹಚ್ಚಿಕೊಂಡವಳಲ್ಲ. ಆದರೂ ಪರದೆಯ ಕಡೆ ನೋಡಿ, “ಸಾಕು ಬಿಡೋ ರೇಣುಕ” ಎಂದುಬಿಟ್ಟೆ, ಲ್ಯಾಬಿನಲ್ಲಿ ಅನ್ನುತ್ತಿದ್ದ ಹಾಗೆ. ಕಿರಣ ತಲೆ ತಗ್ಗಿಸಿದ.

ಫೈಲಿನ ಅನುಮತಿ ನೋಡಿದೆ. ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಒಬ್ಬ ಮಾಲೀಕ, ಜೊತೆಗೆ ಮೂರು ಅಂಕಿ ಇರುತ್ತದೆ. ಮೊದಲನೆಯದು ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಊರಿಗೆಲ್ಲ. ಆರು ಎಂದರೆ ಓದಬಹುದು, ಬರೆಯಬಹುದು. ನಾಲ್ಕು ಎಂದರೆ ಓದಬಹುದು, ಅಷ್ಟೇ. ಸರ್ವಿಸ್ ಫೈಲಿಗೆ ಮಾಲೀಕ ರೂಟ್ ಆಗಿರಬೇಕು, ಎಂದರೆ ಯಂತ್ರದ ಪರಮಾಧಿಕಾರಿ. ಅಂಕಿ 644 ಇರಬೇಕು. ಇಲ್ಲಿ ಮಾಲೀಕ ರೇಣುಕ, ಅಂಕಿ 666. ಅಡಿಗಲ್ಲಿನ ಮೇಲೆ ಯಾರು ಬೇಕಾದರೂ ಉಳಿ ಆಡಿಸಬಹುದಿತ್ತು. ಯಾಕೋ ಹೀಗೆ ಮಾಡಿದೆ ಎಂದು ಸಿಟ್ಟೂ ಬಂತು, ಅವನಿಗೆ ಬೈಯಲು ಆಗುವುದಿಲ್ಲವಲ್ಲ ಎಂದು ಸಂಕಟವೂ ಆಯಿತು. ಅಂಕಿ ಬದಲಿಸಲು ಹೊರಟ ಕಿರಣನನ್ನು ತಡೆದೆ. ಯಾರು ಬರೆಯುತ್ತಿದ್ದಾರೆ ಎಂದು ಗೊತ್ತಾಗುವ ಮೊದಲೇ ಬಾಗಿಲು ಹಾಕಿದರೆ ಶೈಲಜಾಳ ಮೇಲಿನ ಅನುಮಾನ ಹಾಗೇ ಉಳಿದುಬಿಡುತ್ತದೆ.

ಮರುದಿನ ಬೆಳಿಗ್ಗೆ ಗುಬ್ಬಿಗೆ ಹೋದೆ. ಶೈಲಜಾ ಕಚೇರಿಯ ಹಿಂದಿನ ಕೋಣೆಯಲ್ಲಿದ್ದಳು. ಕಂಪ್ಯೂಟರ್ ಮುಟ್ಟಬಾರದು ಎಂದು ಅವಳಿಗೆ ಹೇಳಿದ್ದರು. ಗೋಣಿಚೀಲದ ಕಟ್ಟಿನ ಮೇಲೆ ಕೂತು ಸೆರಗಿನ ಅಂಚು ಸುತ್ತುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಕೂತ್ಕೋ ತಾಯಿ. ಅವ್ನ ಪಾಸ್‌ವರ್ಡ್ ನಿಂಗೊತ್ತಾ?”

“ಗೊತ್ತು ಮೇಡಂ.”

“ಹಾಕಿದ್ಯಾ?”

“ಇಲ್ಲ ಮೇಡಂ. ನನ್ ಮಗಳಾಣೆಗೂ ಇಲ್ಲ.”

“ಮತ್ತೆ ಸಾಹೇಬ್ರು ಕೇಳಿದಾಗ ಯಾಕೆ ಬಾಯಿ ಬಿಡ್ಲಿಲ್ಲ?”

ಅವಳು ಎದ್ದು ಕಚೇರಿಗೆ ನಡೆದು, ಮುಟ್ಟದೆ, ಬೆರಳಿನಿಂದ ಕಂಪ್ಯೂಟರ್ ತೋರಿಸಿದಳು. ಸರ್ವರಿನಲ್ಲಿ ಏನೇನು ಓಡುತ್ತಿದೆ ಎಂದು ತೋರಿಸುವ ಒಂದು ಪುಟವನ್ನು ರೇಣುಕ ಪ್ರತಿ ಶಾಖೆಯಲ್ಲೂ ಹಾಕಿಟ್ಟಿದ್ದ. ಒಂದೊಂದು ಸಾಲಿನಲ್ಲೂ ಪ್ರೋಗ್ರಾಮಿನ ಹೆಸರು, ಅದನ್ನು ನಡೆಸುತ್ತಿರುವವರ ಹೆಸರು. ನೋಡಲು ಯಾರಿಗೂ ಪಾಸ್‌ವರ್ಡ್ ಬೇಕಿರಲಿಲ್ಲ. ನಡುವಿನ ಒಂದು ಸಾಲಿನಲ್ಲಿ ಅವನ ಹೆಸರಿತ್ತು. ಪಕ್ಕದಲ್ಲಿ ಹಸಿರು ಚುಕ್ಕೆ. ಚಾಲನೆಯಲ್ಲಿದೆ ಎಂದು ಅದರ ಅರ್ಥ.

“ಕೆಲ್ಸಕ್ ಸೇರಿದ್ ದಿನವೇ ಕಂಡ್ತು ಮೇಡಂ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ತೆಗ್ದುಬಿಡ್ತಾರೆ ಅಂತ. ದಿನಾ ಬಂದು ಮೊದ್ಲು ಇದನ್ ನೋಡ್ತೀನಿ. ಇದಾರೆ ಅಂತ ಕೆಲ್ಸ ಶುರು ಮಾಡ್ತೀನಿ.” ಅವಳು ಹಸಿರು ಚುಕ್ಕೆಯ ಕಡೆ ಬೆರಳು ಮಾಡಿದಳು. “ಸೋಮವಾರ ಬೆಳಿಗ್ಗೆ ಮಾತ್ರ ಒಂದು ಗಳಿಗೆ ಹೋಗ್ತಾರೆ. ಎಲ್ಲಾ ಹೋಗ್ತದೆ. ಆಮೇಲೆ ಒಂದೊಂದೇ ಬರುವಾಗ ಅವ್ರೂ ಬರ್ತಾರೆ. ಮೊನ್ನೆ ಸೋಮವಾರ ಅಲ್ದೇ ಇದ್ರೂ ಹೋಗ್ಬಿಟ್ರು. ಹೋದ್ರಲ್ಲಾ ಅಂದ್ಕೊಳ್ಳೋಷ್ಟ್ರಲ್ಲಿ ಬಂದ್ರು. ಮತ್ತೆ ಹೋದ್ರು, ಮತ್ತೆ ಬಂದ್ರು. ನಂಗೆ ಕೈಕಾಲೇ ಆಡ್ಲಿಲ್ಲ. ಆಗ್ಲೇ ಗುಮಾಸ್ತ್ರು ಬಂದು ಇಣುಕಿದ್ದು.”

ಕಿರಣ ಎರಡು ಸಲ ಕಿಲ್ ಒತ್ತಿದ್ದನ್ನು ಈ ಹೆಣ್ಣುಮಗಳು ಗುಬ್ಬಿಯಲ್ಲಿ ಕೂತು ನೋಡಿದ್ದಳು. ಅವಳ ಕೈ ಹಿಡಿದುಕೊಂಡು ನಿಂತೆ.

ನಿಂತಾಗ ಅವಳ ಮಾತು ತಲೆಯೊಳಗೆ ತಿರುಗಿತು. ಎಲ್ಲ ಬರುವಾಗ ಅವರೂ ಬರುತ್ತಾರೆ. ಯಂತ್ರ ಎದ್ದ ಕೂಡಲೇ, ಯಾರೂ ಒಳಗೆ ಬರುವ ಮೊದಲೇ, ತಾನಾಗಿ ಏಳುವುದು ಮನುಷ್ಯನಲ್ಲ. ಡಬ್ಬಿ. ಸತ್ತರೆ ಮತ್ತೆ ಎಬ್ಬಿಸು ಎಂದು ಡಾಕರಿಗೆ ಹೇಳಿಟ್ಟಿರುವ ಕಂಟೇನರ್.

ಅಲ್ಲಿಂದಲೇ ನನ್ನ ಲ್ಯಾಪ್‌ಟಾಪಿನಲ್ಲಿ ಸರ್ವರ್ ಹೊಕ್ಕೆ. ಲಿನಕ್ಸ್ ಯಂತ್ರ ಮನುಷ್ಯರನ್ನು ಹೆಸರಿನಿಂದ ಗುರುತಿಸುವುದಿಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಹೆಸರು ನಮ್ಮ ಸಮಾಧಾನಕ್ಕೆ ಪಕ್ಕದಲ್ಲಿ ಅಂಟಿಸಿದ ಚೀಟಿ. ಹೊಸ ಯಂತ್ರದಲ್ಲಿ ಮೊದಲು ಖಾತೆ ತೆರೆದವನಿಗೆ ಸಾಮಾನ್ಯವಾಗಿ 1000 ಎಂಬ ಸಂಖ್ಯೆ ಸಿಗುತ್ತದೆ. ಆ ಯಂತ್ರಕ್ಕೆ ಮೊದಲು ಕೈ ಹಚ್ಚಿದವನು ರೇಣುಕ, ಹಾಗಾಗಿ 1000 ಅವನದು. ಕಂಟೇನರಿನ ಒಳಗೆ ಓಡುವ ಪ್ರೋಗ್ರಾಮಿಗೂ ಒಂದು ಸಂಖ್ಯೆ ಇರುತ್ತದೆ. ಅದೂ 1000 ಆಗಿದ್ದರೆ ಹೊರಗಿನ ಯಂತ್ರ ಅದಕ್ಕೆ ರೇಣುಕನ ಚೀಟಿಯನ್ನೇ ಅಂಟಿಸಿ ತೋರಿಸುತ್ತದೆ. ಅವನು ಬದುಕಿದ್ದಾನೋ ಇಲ್ಲವೋ ಅದಕ್ಕೆ ಬೇಕಿಲ್ಲ. ಖಾತೆಗೆ ಬೀಗ ಹಾಕಿದರೂ ಅದಕ್ಕೆ ಬೇಕಿಲ್ಲ.

ಒಂದೊಂದೇ ಕಂಟೇನರ್ ತೆರೆದು ನೋಡಿದೆ. ಯುಟಿಲ್ ಎಂಬ, ಯಾರ ಕಣ್ಣಿಗೂ ಬೀಳದ ಹೆಸರಿನ ಒಂದು ಡಬ್ಬಿಯೊಳಗೆ ಏಳೆಂಟು ಸಾಲಿನ ಸ್ಕ್ರಿಪ್ಟ್, ಎಂದರೆ ಒಂದು ಪುಟ್ಟ ಪ್ರೋಗ್ರಾಂ, ಸಿಕ್ಕಿತು. ಅದು ಮಾಡುತ್ತಿದ್ದ ಕೆಲಸ ಇಷ್ಟೇ. ಹತ್ತು ನಿಮಿಷಕ್ಕೊಮ್ಮೆ ಸರ್ವಿಸ್ ಫೈಲನ್ನು ತನ್ನಲ್ಲಿರುವ ಪ್ರತಿಯ ಜೊತೆ ಹೋಲಿಸಿ ನೋಡು. ಯಾರಾದರೂ ಬದಲಿಸಿದ್ದರೆ, ಹಳೆಯದನ್ನು ವಾಪಸ್ ಬರೆ. ತಾನು ಕಟ್ಟಿದ್ದನ್ನು ಬೇರೆಯವರು ಮುಟ್ಟಬಾರದೆಂದು ರೇಣುಕ ಒಂದು ಕಾವಲು ಇಟ್ಟಿದ್ದ. ಡಬ್ಬಿಯ ಒಳಗಿನಿಂದ ಕಾವಲಿನ ಕೈ ಎಟಕಲಿ ಎಂದು ಫೈಲನ್ನು ತನ್ನ ಹೆಸರಿಗೆ ಮಾಡಿಕೊಂಡು, ಬೀಗ ತೆಗೆದು 666 ಮಾಡಿಟ್ಟಿದ್ದ. ಲ್ಯಾಬಿನ ಚೀಟಿಯನ್ನು ಹುಡುಗರು ಕಿತ್ತು ಹಾಕುತ್ತಿದ್ದರು. ಇದನ್ನು ಕೀಳಲು ಯಾರಿಗೂ ಆಗದ ಹಾಗೆ ಮಾಡಿದ್ದ.

ಹಾಗಾದರೆ ಕಿರಣ ಹೆದರಿದ್ದು ಪೂರಾ ಸುಳ್ಳೂ ಅಲ್ಲ. ಬರೆಯುತ್ತಿದ್ದವನು ರೇಣುಕನೇ. ಸತ್ತ ಮೇಲೆ ನಿಲ್ಲಿಸು ಎಂದು ಅವನು ಅದಕ್ಕೆ ಹೇಳಿರಲಿಲ್ಲ. ಯಾರು ತಾನೇ ಹೇಳುತ್ತಾರೆ?

ಮಹದೇವಯ್ಯನವರಿಗೆ ಫೋನು ಮಾಡಿ ಗುಬ್ಬಿಗೆ ಬರಹೇಳಿದೆ. ಕಿರಣನ ಬೈಕಿನಲ್ಲಿ ಬರಲು ಒಪ್ಪದೆ ಕಾರಿನಲ್ಲಿ ಅವನನ್ನೂ ಕೂರಿಸಿಕೊಂಡು ಬಂದರು. ಶೈಲಜಾಳನ್ನು ಅವರೆದುರಿನ ಕುರ್ಚಿಯಲ್ಲಿ ಕೂರಿಸಿದೆ. ಅವಳ ಫೋನನ್ನು ಅವರ ಕೈಗೆ ಕೊಟ್ಟೆ. ಫೈಲನ್ನು ಅವರ ಕಣ್ಣೆದುರೇ ತಿದ್ದಿದೆ.

“ಈಗ ಈಕೆ ಕೈ ನೋಡ್ತಾ ಇರಿ, ಪರದೆ ಬೇಡ” ಎಂದೆ.

ಹತ್ತು ನಿಮಿಷ ಕಾದೆವು. ಶೈಲಜಾಳ ಎರಡು ಕೈಯೂ ಮಡಿಲಿನಲ್ಲಿದ್ದವು. ಬಳೆಯಿಲ್ಲದ ಕೈಗಳು. ಮಹದೇವಯ್ಯನವರು ಸ್ವಲ್ಪ ಹೊತ್ತು ನೋಡಿ ಮುಖ ತಿರುಗಿಸಿದರು. ನೋಡಬೇಕು ಎಂದೆ. ನೋಡಿದರು.

ಕಿರಣ ಫೈಲು ತೆರೆದ. ಆ ಸಾಲು ವಾಪಸ್ ಬಂದಿತ್ತು.

ನಾನು ಸ್ಕ್ರಿಪ್ಟ್ ತೋರಿಸಿ ಎಲ್ಲವನ್ನೂ ವಿವರಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮುಖ್ಯವಾದದ್ದು ಅರ್ಥವಾಯಿತು. ಎದ್ದು ನಿಂತು, ಅವಳ ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. “ತಪ್ಪಾಯ್ತು ಕಣಮ್ಮ. ನಮ್ ರೇಣುಕ ನನ್ನ ಕ್ಷಮಿಸಲ್ಲ” ಎಂದರು.

ಆಮೇಲೆ ಉಳಿದದ್ದು ನನ್ನ ಕೆಲಸ. ಫೈಲಿನ ಮಾಲೀಕತ್ವವನ್ನು ರೂಟ್ ಹೆಸರಿಗೆ ಬರೆದೆ. ಅಂಕಿಯನ್ನು 644 ಮಾಡಿದೆ. ಡಾಕರಿಗೆ ಸಂಬಂಧಿಸಿದ ಉಳಿದ ಫೈಲುಗಳನ್ನೂ ಕಿರಣನ ಕೈಯಲ್ಲಿ ಒಂದೊಂದಾಗಿ ತಪಾಸಣೆ ಮಾಡಿಸಿದೆ. ಕುಣಿಗಲ್‌ಗೆ ಬೇಕಾದ ವಿಳಾಸ ಬರೆದು ಡಾಕರನ್ನು ಮತ್ತೆ ಶುರು ಮಾಡಿದೆ. ಕುಣಿಗಲ್ ಕೋಣೆಗಳ ಉಷ್ಣಾಂಶಗಳು ಒಂದೊಂದಾಗಿ ಬಂದು ಕೂತವು. ರೇಣುಕನ ಡಬ್ಬಿಯೂ ಅವುಗಳ ಜೊತೆ ಎದ್ದಿತ್ತು. ಅದು ಮಾಡಿದ್ದನ್ನೆಲ್ಲ ಬರೆದುಕೊಳ್ಳುವ ಲಾಗ್ ತೆರೆದಿಟ್ಟು ಕಾದೆವು. ಕಾವಲು ತನ್ನ ಹೊತ್ತಿಗೆ ಸರಿಯಾಗಿ ಬಂದು ಫೈಲಿಗೆ ಕೈ ಹಾಕಿತು. ಅನುಮತಿ ಇಲ್ಲ ಎಂಬ ಉತ್ತರ ಬಂತು. ಮುಂದಿನ ಸರದಿಗೂ ಬಂತು. ಅನುಮತಿ ಇಲ್ಲ. ತನ್ನದೇ ಮನೆಯ ಬಾಗಿಲು ತಟ್ಟಿ ಹಿಂದಿರುಗುವವನ ಹಾಗೆ. ನನಗೆ ನೋಡಲಾಗಲಿಲ್ಲ.

“ಇದನ್ನ ನಿಲ್ಲಿಸ್ಬೇಕು” ಎಂದೆ ಶೈಲಜಾಳಿಗೆ. “ನಿಲ್ಲಿಸಿದ್ರೆ ಹೆಸ್ರು ಹೋಗ್ತದೆ. ಮತ್ತೆ ಬರಲ್ಲ.”

ಅವಳು ಪರದೆಯನ್ನೇ ನೋಡುತ್ತಿದ್ದಳು. “ನಾನೇ ನಿಲ್ಲಿಸ್ಲಾ ಮೇಡಂ?”

ಡಾಕರಿನ ಸ್ಟಾಪ್ ಆಜ್ಞೆಗೆ ಒಂದು ಗುಣವಿದೆ. ಅದು ಒಂದೇ ಏಟಿಗೆ ಕೊಲ್ಲುವುದಿಲ್ಲ. ಕೈಯಲ್ಲಿರುವ ಕೆಲಸ ಮುಗಿಸಿಕೋ ಎಂದು ಮೊದಲು ಡಬ್ಬಿಗೆ ಹೇಳಿ, ಹತ್ತು ಸೆಕೆಂಡ್ ಕಾಯುತ್ತದೆ. ಆಗಲೂ ನಿಲ್ಲದಿದ್ದರೆ ಮಾತ್ರ ಬಲವಂತವಾಗಿ ನಿಲ್ಲಿಸುತ್ತದೆ. ಕಿಲ್ ಮಾಡಿದಾಗಿನ ಹಾಗಲ್ಲ, ಸ್ಟಾಪ್ ಹೇಳಿ ನಿಲ್ಲಿಸಿದ ಡಬ್ಬಿಯನ್ನು ಡಾಕರ್ ತಾನಾಗಿ ಮತ್ತೆ ಎಬ್ಬಿಸುವುದಿಲ್ಲ. ಆಜ್ಞೆಯನ್ನು ನಾನು ಟೈಪ್ ಮಾಡಿಕೊಟ್ಟೆ. ಎಂಟರ್ ಕೀಲಿಯನ್ನು ಅವಳು ಒತ್ತಿದಳು. ರೇಣುಕನ ಸ್ಕ್ರಿಪ್ಟ್ ಹೇಳಿದ ಮಾತು ಕೇಳುವ ಜಾತಿಯದಲ್ಲ. ಆ ಹತ್ತು ಸೆಕೆಂಡೂ ಅವನ ಹೆಸರು ಪರದೆಯ ಮೇಲೆ ಇತ್ತು, ಪಕ್ಕದಲ್ಲಿ ಹಸಿರು ಚುಕ್ಕೆ. ಶೈಲಜಾ ದನಿಯಿಲ್ಲದೆ ತುಟಿಯಲ್ಲೇ ಅವನಿಗೆ ಏನೋ ಹೇಳುತ್ತಿದ್ದಳು. ಏನೆಂದು ನಾನು ಆಗಲೂ ಕೇಳಲಿಲ್ಲ, ಆಮೇಲೂ ಕೇಳಿಲ್ಲ.

ಸಾಲು ಹೋಯಿತು. ಕೆಳಗಿನ ಸಾಲುಗಳು ಮೇಲೆ ಸರಿದು ಜಾಗ ತುಂಬಿಕೊಂಡವು.

“ಈಗ ಹೋದ್ರು ಅಲ್ವಾ?” ಎಂದಳು.

“ಹೂಂ ತಾಯಿ. ಈಗ ಹೋದ.”

ಅವಳು ಆವತ್ತು ಅತ್ತ ಅಳುವನ್ನು ನಾನು ಅವನ ಮಣ್ಣಿನ ದಿನವೂ ಕೇಳಿರಲಿಲ್ಲ. ಮಹದೇವಯ್ಯನವರು ಹೊರಗೆ ಹೋಗಿ ಕಾರಿನ ಪಕ್ಕ ನಿಂತುಕೊಂಡರು. ಕಿರಣ ನೀರು ತಂದುಕೊಟ್ಟ.

ಸಮಾಧಾನವಾದ ಮೇಲೆ ಅವಳು ಇನ್ನೊಂದು ಮಾತು ಕೇಳಿದಳು. “ಆ ಫೈಲಲ್ಲಿ ಅವ್ರು ಬರ್ದಿದಾರಲ್ಲ ಒಂದ್ ಸಾಲು, ಅದನ್ನೂ ಅಳಿಸ್ತೀರಾ?”

ಆ ಸಾಲು ಯಂತ್ರಕ್ಕೆ ಕೊಟ್ಟ ಆಜ್ಞೆಯಲ್ಲ, ಟಿಪ್ಪಣಿ. ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ. ಅದು ಇದ್ದರೂ ಒಂದೇ, ಹೋದರೂ ಒಂದೇ. ಇರಲಿ ಎಂದೆ. ಅದು ಈಗಲೂ ಅಲ್ಲಿದೆ. 644 ಎಂದರೆ ಎಲ್ಲರೂ ಓದಬಹುದು, ಕಂಡಕಂಡವರು ತಿದ್ದುವಂತಿಲ್ಲ. ಅವನಿಗೆ ಬೇಕಿದ್ದುದೂ ಅದೇ ಅಲ್ಲವೇ? ಕಾವಲು ಬೇಕಿರಲಿಲ್ಲ, ಬಾಗಿಲು ತೆರೆದಿಡಬೇಕಿರಲಿಲ್ಲ. ಮೂರು ಅಂಕಿ ಸಾಕಿತ್ತು. ಲ್ಯಾಬಿನಲ್ಲಿ ನಾನು ಇದನ್ನೇ ಕಲಿಸುತ್ತಿದ್ದೆ. ಆ ಪಾಠದ ದಿನ ಅವನು ಎಲ್ಲಿ ನೋಡುತ್ತಿದ್ದನೋ.

ವರ್ಷದ ಪೂಜೆ ಆದ ಮೇಲೆ ಕುರ್ಚಿಯನ್ನು ಕಿರಣ ತೆಗೆದುಕೊಂಡ. ಲೋಟವನ್ನು ಶೈಲಜಾ ಮನೆಗೆ ಒಯ್ದಳು. ಅವಳು ಇನ್ನೂ ಅಲ್ಲೇ ಕೆಲಸದಲ್ಲಿದ್ದಾಳೆ. ಆ ಪುಟವನ್ನು ಈಗ ತೆರೆಯುವುದಿಲ್ಲವಂತೆ.

ಈ ಕೆಲಸ ನನಗೆ ಕಲಿಸಿದ್ದನ್ನು ಹೇಳಿ ಮುಗಿಸುತ್ತೇನೆ. ಯಾರಾದರೂ ಕೆಲಸ ಬಿಟ್ಟರೆ, ಸತ್ತರೆ, ಮೊದಲು ಅವರ ಪಾಸ್‌ವರ್ಡ್ ಬದಲಿಸಿ ಎನ್ನುತ್ತಿದ್ದೆ. ಈಗಲೂ ಅನ್ನುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಹೊಸ ಕಂಪನಿಗೆ ಹೋದಾಗ, ಬೆಳಿಗ್ಗೆಯ ಬೆಳಕಿನಲ್ಲಿ, ಸುತ್ತ ಹತ್ತು ಜನ ಇರುವಾಗಲೂ ಆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಾಗ ನನ್ನ ಬೆನ್ನು ತಣ್ಣಗಾಗುತ್ತದೆ: ನಿಮ್ಮಲ್ಲಿ ಹೋದವರು ಇನ್ನೂ ಏನೇನು ಕೆಲಸ ಮಾಡುತ್ತಿದ್ದಾರೆ?